ಕೀ ಕೊಟ್ಟರೆ ಸಿಡಿಯುವ ಪಿಸ್ತೂಲು

ಕೇಳುಗರೇ, ಕೀ ಕೊಡುವುದೆಂದರೇನು ಅಂತ ತುಮಕೂರಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಎಚ್‌ಎಂಟಿ ಗಡಿಯಾರ ಕಾರ್ಖಾನೆ ಇದ್ದ ಊರು ಇದು. ಅದೇ ಕೀ, ಅದೇ ಸ್ಪ್ರಿಂಗಿನಿಂದ ನಡೆಯುತ್ತಿದ್ದ ಇನ್ನೊಂದು ಯಂತ್ರದ ಮೇಲೆ ನನಗೆ ಬಹಳ ವರ್ಷಗಳ ಮೋಹ: ಯುರೋಪಿನ ವೀಲ್‌ಲಾಕ್ ಪಿಸ್ತೂಲು.

ಅದಕ್ಕೂ ಮೊದಲು ಇದ್ದದ್ದು ಬತ್ತಿಯ ಕೋವಿ. ಸಿಪಾಯಿ ಹೊತ್ತಿಸಿದ ಬತ್ತಿ ಹಿಡಿದೇ ತಿರುಗಬೇಕು. ಮಳೆ ಬಂತೋ, ಕಥೆ ಮುಗಿಯಿತು. ಕುದುರೆ ಸವಾರನ ಪಾಡಂತೂ ಕೇಳಲೇಬೇಡಿ. ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಕೋವಿ. ಉರಿಯುವ ಬತ್ತಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳಬೇಕೇ? ಕುಣಿಗಲ್ಲಿನ ಕುದುರೆ ಫಾರಂ ಕಂಡವರಿಗೆ ಅರ್ಥವಾಗುತ್ತದೆ.

ವೀಲ್‌ಲಾಕಿನಲ್ಲಿ ಬತ್ತಿಯೇ ಇಲ್ಲ. ಅಂಚಿಗೆ ಹಲ್ಲು ಕೊರೆದ ಪುಟ್ಟ ಉಕ್ಕಿನ ಚಕ್ರ, ಅದಕ್ಕೆ ಸರಪಳಿಯಿಂದ ಬಿಗಿದ ಸ್ಪ್ರಿಂಗು. ಕೀ ಹಾಕಿ ಚಕ್ರ ತಿರುಗಿಸಿಟ್ಟರಾಯಿತು. ಟ್ರಿಗರ್ ಎಳೆದೊಡನೆ ಚಕ್ರ ಗಿರ್ರನೆ ಸುತ್ತಿ ಪೈರೈಟ್ ಕಲ್ಲನ್ನು ಉಜ್ಜುತ್ತದೆ, ಕಿಡಿ ರಂಜಕದ ಮದ್ದಿಗೆ ಬೀಳುತ್ತದೆ, ಢಮ್! ಲಿಯೊನಾರ್ಡೊ ಡ ವಿಂಚಿ ಇಂಥದೊಂದರ ಚಿತ್ರ ಬರೆದಿದ್ದಾನೆ. ಮೊದಲು ಮಾಡಿದವನು ಅವನೋ ಜರ್ಮನರೋ ಎಂಬ ಜಗಳ ವಿದ್ವಾಂಸರಿಗಿರಲಿ. ಮದ್ದು ತುಂಬಿದ್ದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಳ್ಳಬಹುದಲ್ಲ, ಆ ಭಯಕ್ಕೆ ಪವಿತ್ರ ರೋಮನ್ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ 1517ರಷ್ಟು ಹಿಂದೆಯೇ ಇಂಥವನ್ನು ನಿಷೇಧಿಸಿದ.

ಅವನ ಮೊಮ್ಮಗ ಐದನೇ ಚಾರ್ಲ್ಸ್ ಏನು ಮಾಡಿದ ಗೊತ್ತೆ? 1540ರ ಆಸುಪಾಸಿನಲ್ಲಿ ತನಗೇ ಒಂದು ಮಾಡಿಸಿಕೊಂಡ! ಮಾಡಿದವನು ಮ್ಯೂನಿಕ್‌ನ ಪೀಟರ್ ಪೆಕ್, ಕೋವಿ ಕಮ್ಮಾರನೂ ಹೌದು, ಗಡಿಯಾರ ಮಾಡುವವನೂ ಹೌದು. ಎರಡು ನಳಿಗೆ, ಎರಡು ಚಕ್ರ, ಎರಡೂ ಒಂದೇ ತಟ್ಟೆಯ ಮೇಲೆ. ಚೆರ್ರಿ ಮರದ ಹಿಡಿಗೆ ಸಾರಂಗದ ಕೊಂಬಿನ ಕುಸುರಿ, ಉಕ್ಕಿನ ಮೇಲೆ ಚಕ್ರವರ್ತಿಯ ಎರಡು ತಲೆಯ ಹದ್ದು. ಅರ್ಧ ಮೀಟರ್ ಉದ್ದ, ಎರಡೂವರೆ ಕೆ.ಜಿ. ತೂಕ. ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಇದನ್ನು ಆಯುಧ ಅನ್ನಲು ನನಗೆ ಮನಸ್ಸೇ ಬರುವುದಿಲ್ಲ. ಕೈಗಡಿಯಾರದೊಳಗಿನ ಚಕ್ರಗಳನ್ನು ಜೋಡಿಸಿದವರು ನಮ್ಮ ಕಾರ್ಯಕ್ರಮ ಕೇಳುತ್ತಿದ್ದರೆ, ಪೆಕ್‌ನ ಕಷ್ಟ ಅವರಿಗೇ ಗೊತ್ತು.

ವೀಲ್‌ಲಾಕಿನ ಚೆಲುವೇ ಅದಕ್ಕೆ ಮುಳುವಾಯಿತು. ಬಿಡಿಭಾಗ ಹತ್ತಾರು, ಬೆಲೆ ವಿಪರೀತ. ಕೀ ಕಳೆದರೆ ಕಬ್ಬಿಣದ ತುಂಡು. ಕೆಟ್ಟರೆ ಊರ ಕಮ್ಮಾರ ಕೈಚೆಲ್ಲುತ್ತಿದ್ದ. ಅಗ್ಗದ ಚಕಮಕಿ ಕೋವಿ ಬಂದು ಇದನ್ನು ಮೂಲೆಗೆ ತಳ್ಳಿತು.

ನಮ್ಮಲ್ಲಿ? ಬತ್ತಿಯಿಲ್ಲದೆ ಸಿಡಿಯುವ ಕೋವಿ ಅಕ್ಬರನ ಬಳಿ ಇತ್ತೆಂದು ಅವನ ಆಸ್ಥಾನದ ಅಬುಲ್ ಫಜಲ್ ಬರೆದಿದ್ದಾನೆ. ಅದು ವೀಲ್‌ಲಾಕೇ ಇರಬೇಕು ಅಂತ ಕೆಲವರ ಊಹೆ. ನನಗೂ ಹಾಗೇ ನಂಬುವ ಆಸೆ. ಶ್ರೀರಂಗಪಟ್ಟಣಕ್ಕೆ ಬಂದರೆ ಹೆಸರಾದದ್ದು ಚಕಮಕಿಯೇ. ಟಿಪ್ಪುವಿನ ಕಾರೀಗರ ಅಸದ್ ಖಾನ್ ಮುಹಮ್ಮದನ ಹೆಸರು ಹೊತ್ತ, ಹುಲಿಪಟ್ಟೆಯ ಕೋವಿಗಳನ್ನು ಕಂಡರೆ ಪೆಕ್ ಕೂಡ ತಲೆದೂಗುತ್ತಿದ್ದ.

ಹಾಗಾದರೆ ವೀಲ್‌ಲಾಕ್ ಮಾಡಲು ಬೇಕಾದ ಉಕ್ಕಿಗೆ ನಮ್ಮಲ್ಲಿ ಬರವಿತ್ತೆ? ಖಂಡಿತ ಇಲ್ಲ. 1800ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಎಲ್ಲವನ್ನೂ ಬರೆದಿಟ್ಟಿದ್ದಾನೆ. ನಮ್ಮ ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಸೀಮೆಯ ಗುಡ್ಡದ ಅದಿರು, ದೇವರಾಯನದುರ್ಗದ ಅದಿರು, ಮಧುಗಿರಿ ಕಡೆ ಮಳೆನೀರು ಹೊತ್ತು ತರುವ ಕರಿಮರಳು. ಮಣ್ಣಿನ ಮೂಸೆಯಲ್ಲಿ ಕಬ್ಬಿಣ, ಜೊತೆಗೆ ತಂಗಡಿ ಗಿಡದ ಕಡ್ಡಿ, ಮೇಲೆರಡು ಹಸಿರೆಲೆ. ಬಾಯಿಗೆ ಮಣ್ಣು ಮೆತ್ತಿ ಕುಲುಮೆಗಿಟ್ಟರೆ ಉಕ್ಕು. ಕುಣಿಗಲ್ಲಿನಾಚೆ ಚನ್ನಪಟ್ಟಣದವರು ಎಳೆದ ಉಕ್ಕಿನ ತಂತಿ ವಾದ್ಯಗಳಿಗೆಂದು ದೂರದೂರದ ಊರುಗಳಿಗೆ ಹೋಗುತ್ತಿತ್ತು. ಅಂಥ ತಂತಿ ಎಳೆದವರಿಗೆ ಒಂದು ಸ್ಪ್ರಿಂಗು ದೊಡ್ಡದಾಗುತ್ತಿತ್ತೇ? ಮಾಡಿಕೊಡಿ ಅಂತ ಕೇಳಿದವರಿಲ್ಲ, ಅಷ್ಟೆ.