ಪಥ್ಯಕ್ಕೆ ಗಡಿಯುಂಟೆ?



ವೈದ್ಯರ ಔಷಧದ ಚೀಟಿ ಯಾವ ಊರಿನ ಅಂಗಡಿಯಲ್ಲಾದರೂ ಸಲ್ಲುತ್ತದೆ. ಪಥ್ಯದ ಚೀಟಿ ಹಾಗಲ್ಲ. ಅದು ರೋಗಿಯ ಅಡುಗೆಮನೆಯಲ್ಲಿ ಸಲ್ಲಬೇಕು. ನಮ್ಮ ತುಮಕೂರು ಜಿಲ್ಲೆಯ ಪಾವಗಡವನ್ನು ಬಹುಮಟ್ಟಿಗೆ ಆಂಧ್ರಪ್ರದೇಶವೇ ಸುತ್ತುವರಿದಿದೆ. ಪಥ್ಯದ ಸಲಹೆಯಾದರೋ ಈಗ ದೂರವಾಣಿಯಲ್ಲೂ ದೊರೆಯುತ್ತದೆ. ಹೀಗಿರುವಾಗ, ಒಂದು ರಾಜ್ಯದಲ್ಲಿ ಅನುಮತಿ ಪಡೆದ ಪಥ್ಯಾಹಾರ ತಜ್ಞೆ, ಅಂದರೆ ಡಯೆಟಿಷಿಯನ್, ನೆರೆರಾಜ್ಯದ ರೋಗಿಗೆ ಸಲಹೆ ನೀಡಬಹುದೆ?

ಅಮೆರಿಕದಲ್ಲಿ ಈ ಪ್ರಶ್ನೆ ತೊಡಕಿನದು. ಅಲ್ಲಿ ಈ ವೃತ್ತಿಗೆ ಪರವಾನಗಿ ನೀಡುವುದು ಆಯಾ ರಾಜ್ಯ. ನಿಯಮಗಳೂ ಬೇರೆ ಬೇರೆ. ಆದ್ದರಿಂದ ರಾಜ್ಯಗಳು ತಮ್ಮೊಳಗೆ ಒಪ್ಪಂದ ಮಾಡಿಕೊಳ್ಳತೊಡಗಿವೆ. ಏಳು ರಾಜ್ಯಗಳು ಶಾಸನದ ಮೂಲಕ ಒಪ್ಪಿದರೆ ಒಪ್ಪಂದ ಜಾರಿಗೆ ಬರುವುದೆಂದು ಕರಾರು. ಮೊದಲ ಶಾಸನಗಳಾದದ್ದು 2024ರಲ್ಲಿ. ತವರುರಾಜ್ಯದ ಪರವಾನಗಿಯ ಬಲದ ಮೇಲೆ ಉಳಿದ ಸದಸ್ಯರಾಜ್ಯಗಳಲ್ಲೂ ವೃತ್ತಿ ನಡೆಸಬಹುದೆಂಬುದು ಅದರ ಸಾರ.

ನಮ್ಮ ದೇಶ ಹಿಡಿದದ್ದು ಬೇರೆ ದಾರಿ. ಸಂಸತ್ತು 2021ರಲ್ಲಿ ಅಂಗೀಕರಿಸಿದ ಸಹಾಯಕ ಹಾಗೂ ಆರೋಗ್ಯಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯಲ್ಲಿ ಪಥ್ಯಾಹಾರ ತಜ್ಞರೂ ಸೇರಿದ್ದಾರೆ. ರಾಜ್ಯಕ್ಕೊಂದು ಪರಿಷತ್ತು, ಅದಕ್ಕೊಂದು ನೋಂದಣಿ ಪುಸ್ತಕ. ಎಲ್ಲಕ್ಕೂ ಮೇಲೆ ಕೇಂದ್ರದ ನೋಂದಣಿ. ಕಾಯಿದೆಯ ಅನುಷ್ಠಾನ ನಿಧಾನವಾದಾಗ, ಅದನ್ನು ತ್ವರೆಗೊಳಿಸುವಂತೆ 2024ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಸೂಚಿಸಬೇಕಾಯಿತು. ಈ ವಿಳಂಬ ಸಣ್ಣ ಮಾತಲ್ಲ. ನೋಂದಣಿ ನೆಲೆಗೊಳ್ಳುವವರೆಗೆ, ಓದಿ ಬಂದವಳನ್ನೂ ಪುಡಿಯ ಡಬ್ಬಿ ಮಾರುವವನನ್ನೂ ಬೇರ್ಪಡಿಸಿ ನೋಡುವ ಕಣ್ಣು ರೋಗಿಗೆ ಎಲ್ಲಿಂದ ಬರಬೇಕು?

ಆದರೆ ನೋಂದಣಿಯೊಂದೇ ಸಾಲದೆಂಬುದು ನನ್ನ ಅಭಿಪ್ರಾಯ. ಗುಬ್ಬಿ, ಕುಣಿಗಲ್ಲುಗಳ ರೈತನ ಊಟ ರಾಗಿಮುದ್ದೆ, ಹುರುಳಿ ಅಥವಾ ಅವರೆಯ ಸಾರು. ರಾಗಿಯ ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿರುವುದು ಅದರ ಅಲ್ಪಭಾಗ. ಹಾಗೆಂದು ಸಕ್ಕರೆ ಕಾಯಿಲೆಯವನು ಎಷ್ಟು ಮುದ್ದೆಯನ್ನಾದರೂ ನುಂಗಬಹುದೆಂದಲ್ಲ. ರಾಗಿಯಲ್ಲೂ ಬಹುಭಾಗ ಪಿಷ್ಟವೇ. ಆತನಿಗೆ ಬೇಕಾದದ್ದು ಓಟ್ಸಿನ ಉಪದೇಶವಲ್ಲ, ಮುದ್ದೆಯ ಗಾತ್ರದ ತಿಳಿವಳಿಕೆ. ಮುದ್ದೆ ಎಷ್ಟು ದಪ್ಪ, ಸಾರಿನಲ್ಲಿ ಕಾಳೆಷ್ಟು, ಸೊಪ್ಪೆಷ್ಟು ಎಂದು ಕೇಳಬಲ್ಲವಳೇ ಅವನಿಗೆ ನಿಜವಾದ ತಜ್ಞೆ.

ಆಕೆ ಯಾವ ರಾಜ್ಯದಿಂದಾದರೂ ಬರಲಿ; ಕಾನೂನು ದಾರಿ ಬಿಡಲಿ. ಬರುವಾಗ ಈ ನೆಲದ ಭಾಷೆಯನ್ನೂ ಬೆಳೆಯನ್ನೂ ಅರಿತು ಬರಬೇಕೆಂಬುದು ಶಿಕ್ಷಣದಲ್ಲಿಯೇ ಸೇರಲಿ. ಹೆಸರು ದಾಖಲೆಯಲ್ಲಿದ್ದರೆ ಅಧಿಕಾರ ಬಂದೀತು. ಮಾತು ಮುದ್ದೆಯ ತಟ್ಟೆಯವರೆಗೆ ತಲುಪಿದರೆ ಮಾತ್ರ ಪಥ್ಯ ನಡೆದೀತು.