ಮುಂದಿನವನು ಹೋದ ಸ್ಪೀಡು ನಿಮ್ಮದಲ್ಲ

ಬೈಕ್ ಓಡಿಸ್ತಾನೇ ಇದನ್ನ ಕೇಳ್ತಿದ್ರೆ ಮೊದಲು ಇಯರ್‌ಫೋನ್ ತೆಗೆದು ಜೇಬಿಗೆ ಹಾಕಿ. ಮನೆಗೆ ಹೋಗಿ ಕೇಳಿ, ನಾನೇನೂ ಓಡಿ ಹೋಗಲ್ಲ.

ಎರಡು ವರ್ಷದ ಹಿಂದಿನ ಮಾತು. ಜನವರಿ, ಬೆಳಗಿನ ಜಾವ ಐದು ಗಂಟೆ. ನಾನು, ನಮ್ಮ ಚಿಕ್ಕಪ್ಪನ ಮಗ, ಇಬ್ಬರೂ ಬೂದಿಗೆರೆಯಿಂದ ನಂದಿಬೆಟ್ಟಕ್ಕೆ ಹೊರಟಿದ್ವಿ. ಎರಡು ಬೈಕು. ನಾನು ಮುಂದೆ, ಅವನು ಹಿಂದೆ. ದಾರಿಯಲ್ಲಿ ಒಂದು ಕೆರೆ ಏರಿ, ಅದು ಮುಗಿಯೋ ಕಡೆ ಎಡಕ್ಕೆ ತಿರುವು. ತಿರುವಿನ ಆಚೆ ಯಾರೋ ರಾಗಿ ಒಕ್ಕಣೆಗೆ ಅಂತ ರಸ್ತೆ ಮೇಲೆ ಹುಲ್ಲು ಹರಡಿ, ಸುತ್ತ ಕಲ್ಲಿಟ್ಟಿದ್ರು. ಹಿಂದಿನ ದಿನ ಸಂಜೆ ನಾನು ಅದನ್ನ ನೋಡಿದ್ದೆ. ಹಾಗಾಗಿ ತಿರುವಿಗೆ ಮೊದಲೇ ನಿಧಾನ ಮಾಡಿ ಬಲಕ್ಕೆ ಸರಿದು ಹೋದೆ. ಅವನು ನೋಡಿರಲಿಲ್ಲ. ತಿರುವಿನಲ್ಲಿ ಬೈಕ್ ವಾಲಿರುವಾಗ ಕಲ್ಲು ಕಣ್ಣಿಗೆ ಬಿತ್ತು, ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದ. ಅಷ್ಟೇ. ಕಾಲರ್ ಬೋನ್ ಮುರೀತು, ಹೆಲ್ಮೆಟ್ ಇದ್ದಿದ್ದಕ್ಕೆ ತಲೆ ಉಳೀತು.

ಆಸ್ಪತ್ರೆಯಲ್ಲಿ ಅವನು ಹೇಳಿದ್ದು ಒಂದೇ ಮಾತು. "ನೀನು ಹೋದ್ಯಲ್ಲಣ್ಣ, ಅದಕ್ಕೇ ನಾನೂ ಬಂದೆ."

ಈ ಮಾತು ಇವತ್ತಿಗೂ ನನ್ನ ಬಿಟ್ಟಿಲ್ಲ. ತಪ್ಪು ಅವನದು ಅಂತ ಹೇಳಿ ಕೈ ತೊಳ್ಕೊಳ್ಳೋದು ಸುಲಭ. ಆದ್ರೆ ಆ ರಸ್ತೆ ಬಗ್ಗೆ ನನಗೆ ಗೊತ್ತಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ಅವನು ನೋಡ್ತಿದ್ದದ್ದು ರಸ್ತೆನಲ್ಲ, ನನ್ನ ಟೈಲ್ ಲ್ಯಾಂಪ್‌ನ.

ಆಮೇಲೆ ಅವನು ಕೇಳಿದ ಪ್ರಶ್ನೆ ನೀವೂ ಕೇಳ್ತೀರ: ತಿರುವಲ್ಲಿ ಎಷ್ಟರಲ್ಲಿ ಹೋಗ್ಬೋದು? ನಲವತ್ತಾ, ಐವತ್ತಾ? ನಂಬರ್ ಹೇಳೋಕೆ ಆಗಲ್ಲ. ಬದಲಿಗೆ ಒಂದು ಲೆಕ್ಕ ಹೇಳ್ತೀನಿ. ಒಣ ಡಾಂಬರು, ಒಳ್ಳೆ ಟೈರು, ನೇರ ರಸ್ತೆ ಅಂತಿಟ್ಕೊಳ್ಳಿ. ಗಂಟೆಗೆ 40 ಕಿ.ಮೀ.ನಲ್ಲಿ ಹೋಗ್ತಿದ್ರೆ ಅಡ್ಡಿ ಕಂಡು ಬ್ರೇಕ್ ಹಿಡಿಯೋ ಒಂದು ಸೆಕೆಂಡಿನಲ್ಲೇ 11 ಮೀಟರ್ ಹೋಗಿಬಿಟ್ಟಿರ್ತೀರ. ನಿಲ್ಲೋಕೆ ಇನ್ನೊಂದು 10 ಮೀಟರ್. ಒಟ್ಟು 20 ಚಿಲ್ಲರೆ. 60ರಲ್ಲಿ ಇದೇ ಲೆಕ್ಕ 40 ಮೀಟರ್ ಹತ್ತಿರ ಆಗುತ್ತೆ. ಸ್ಪೀಡ್ ಒಂದೂವರೆ ಪಟ್ಟು ಆದ್ರೆ ನಿಲ್ಲೋ ದೂರ ಎರಡು ಪಟ್ಟು. ತಿರುವಿನಲ್ಲಿ ಬೈಕನ್ನ ಹೊರಗೆ ತಳ್ಳೋ ಒತ್ತಡ ಎರಡೂಕಾಲು ಪಟ್ಟು. ಇನ್ನು ಟಿಪ್ಪರ್‌ನಿಂದ ಸುರಿದ ಜೆಲ್ಲಿ ಪುಡಿ, ಎಂ-ಸ್ಯಾಂಡ್ ಬಿದ್ದಿದ್ರೆ ಈ ಲೆಕ್ಕವೆಲ್ಲ ಕೆಡುತ್ತೆ. ನಮ್ಮ ಕಡೆ ಅದು ಬೀಳದ ತಿರುವು ಯಾವುದಿದೆ ಹೇಳಿ!

ಹಾಗಾಗಿ ಕೇಳ್ಕೋಬೇಕಾದ ಪ್ರಶ್ನೆ: ನನಗೆ ಈಗ ಎಷ್ಟು ದೂರ ರಸ್ತೆ ಕಾಣ್ತಿದೆ, ಅಷ್ಟರಲ್ಲಿ ನಾನು ನಿಲ್ಲಬಲ್ಲೆನಾ? ರಸ್ತೆ ಕಿರಿದಾಗಿದ್ರೆ ಕಾಣೋದರಲ್ಲಿ ಅರ್ಧದೊಳಗೆ ನಿಲ್ಲಬೇಕು, ಯಾಕಂದ್ರೆ ಎದುರಿಂದ ಬರೋನಿಗೂ ಉಳಿದ ಅರ್ಧ ಬೇಕಲ್ಲ.

ಇದನ್ನ ಓಡಿಸ್ತಾ ಅಳೆಯೋದು ಹೇಗೆ? ತಿರುವಿನಲ್ಲಿ ದೂರ ನೋಡಿದ್ರೆ ರಸ್ತೆಯ ಎಡ ಅಂಚು, ಬಲ ಅಂಚು ಎರಡೂ ಒಂದು ಕಡೆ ಸೇರಿದ ಹಾಗೆ ಕಾಣುತ್ತೆ. ಕಣ್ಣು ಅಲ್ಲೇ ಇರಲಿ. ಆ ಜಾಗ ನಿಮ್ಮ ಹತ್ತಿರ ಓಡಿ ಬರ್ತಿದೆ ಅಂದ್ರೆ ನೀವು ಜೋರಾಗಿದ್ದೀರ, ಅಥವಾ ತಿರುವು ಬಿಗಿಯಾಗ್ತಿದೆ. ಅದೇ ದೂರದಲ್ಲಿ ನಿಂತಿದ್ರೆ ಸ್ಪೀಡ್ ಹೊಂದಿದೆ. ದೂರ ಸರೀತಿದ್ರೆ ತಿರುವು ಬಿಚ್ಕೊಳ್ತಿದೆ, ಆಕ್ಸಿಲರೇಟರ್ ಮೆಲ್ಲಗೆ ಕೊಡಬಹುದು. ಮೊದಲ ದಿನ ತಲೆ ಕೆಡುತ್ತೆ, ಒಂದು ವಾರ ಅಭ್ಯಾಸ ಮಾಡಿದ್ರೆ ಕಣ್ಣು ತಾನೇ ಮಾಡುತ್ತೆ.

ನಮ್ಮ ಬಯಲುಸೀಮೆ ತಿರುವಿಗೆ ಇನ್ನೊಂದು ಕಾಟ ಇದೆ. ಹಳೇ ರಸ್ತೆಗಳು ಕೆರೆ ಏರಿ ಹಿಡ್ಕೊಂಡು, ಹೊಲದ ಬದು ಸುತ್ಕೊಂಡು ಬಂದಿರೋದು. ಎತ್ತಿನ ಗಾಡಿಗೆ ಆದ ದಾರಿ. ಘಾಟಿಯಲ್ಲಾದ್ರೆ ಎದೆ ಮೊದಲೇ ಹೊಡ್ಕೊಳ್ಳುತ್ತೆ, ಜಾಗ್ರತೆ ಇರುತ್ತೆ. ಇಲ್ಲಿ ಅರ್ಧ ಕಿಲೋಮೀಟರ್ ನೇರ ಹೋಗಿ, ದ್ರಾಕ್ಷಿ ತೋಟದ ಬೇಲಿ ಪಕ್ಕ ದಿಢೀರ್ ಅಂತ ಬಾಗುತ್ತೆ. ವೈಟ್‌ಫೀಲ್ಡ್ ಕಡೆಯವರು ಹೆಬ್ಬಾಳ ತಪ್ಪಿಸಿ ಏರ್‌ಪೋರ್ಟಿಗೆ ಹೋಗೋದೂ ಬೂದಿಗೆರೆ ಮೇಲೇನೇ. ಅವರ ಕ್ಯಾಬು, ಡೇರಿಗೆ ಹಾಲಿನ ಕ್ಯಾನ್ ತರೋ ಟಿವಿಎಸ್, ಎಲ್ಲ ಅದೇ ಹೊತ್ತಿಗೆ. ಚಳಿಗಾಲದಲ್ಲಿ ಮಂಜು ಬೇರೆ. ಕತ್ತಲಲ್ಲಿ ಹೆಡ್‌ಲೈಟ್ ನೇರ ಹೊಡೆಯುತ್ತೆ, ತಿರುವಿನೊಳಗೆ ಹೊಡೆಯಲ್ಲ. ಅಂದ್ರೆ ಕಾಣೋ ದೂರ ಇನ್ನೂ ಕಮ್ಮಿ, ಸ್ಪೀಡೂ ಕಮ್ಮಿ ಇರಬೇಕು.

"ನನ್ನ ಬೈಕಲ್ಲಿ ಎಬಿಎಸ್ ಇದೆ ಬಿಡಿ" ಅಂತೀರ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕುಗಳಿಗೆಲ್ಲ ಕಡ್ಡಾಯ ಆಗಿದೆ, ಒಳ್ಳೇದೇ. ಆದ್ರೆ ಮಾಮೂಲಿ ಎಬಿಎಸ್‌ಗೆ ನೀವು ಎಷ್ಟು ವಾಲಿದ್ದೀರ ಅಂತ ಗೊತ್ತಾಗಲ್ಲ. ಟೈರಿನ ಹಿಡಿತ ಸಂಬಳ ಇದ್ದ ಹಾಗೆ. ವಾಲೋದಕ್ಕೆ ಹೆಚ್ಚು ಇಎಂಐ ಕಟ್ಟಿದಷ್ಟೂ ಬ್ರೇಕಿಗೆ ಉಳಿಯೋದು ಕಮ್ಮಿ. ಅದಕ್ಕೇ ಬ್ರೇಕು, ಗೇರು ಎಲ್ಲ ತಿರುವಿಗೆ ಮೊದಲೇ, ಬೈಕ್ ನೆಟ್ಟಗಿರುವಾಗಲೇ ಮುಗಿಸಿ. ನಂದಿಯಿಂದ ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನೇ ಹಿಡ್ಕೊಳ್ಳಲಿ. ಸ್ಕೂಟರಿನವರು ಬ್ರೇಕ್ ಕಾದ ವಾಸನೆ ಬಂದ್ರೆ ಜಾಗ ನೋಡಿ ನಿಲ್ಲಿಸಿ, ಆರಲಿ.

ಬಲ ತಿರುವಿನಲ್ಲಿ ಇನ್ನೊಂದು ಮರೀತೀವಿ. ಚಕ್ರ ಗೆರೆಯ ಈಚೆಗೇ ಇರುತ್ತೆ, ಆದ್ರೆ ವಾಲಿದಾಗ ನಿಮ್ಮ ತಲೆ ಗೆರೆಯ ಆಚೆ, ಲಾರಿ ಬರೋ ಜಾಗದಲ್ಲಿರುತ್ತೆ.

ಗ್ರೂಪ್ ರೈಡ್ ವಿಷಯ ಉಳೀತು. ಈಗ ನಾವಿಬ್ಬರೇ ಹೋದ್ರೂ ಅವನು ಮುಂದೆ, ನಾನು ಹಿಂದೆ. ಅವನ ಸ್ಪೀಡು ಅವನದೇ. ನಾನು ಹಾರ್ನ್ ಹೊಡೆಯಲ್ಲ, ಹತ್ತಿರ ಹೋಗಿ ಅಂಟ್ಕೊಳ್ಳಲ್ಲ. ಹಿಂದುಳಿದವನಿಗೆ ಪ್ರತಿ ಕವಲಲ್ಲೂ ಮುಂದಿನವನು ಕಾಯೋದು ಅಂತ ಮಾಡ್ಕೊಂಡಿದೀವಿ, ಹಾಗಾಗಿ ಬೆನ್ನಟ್ಟೋ ಅವಸರವೇ ಇಲ್ಲ. ಕಳೆದ ತಿಂಗಳು ಅದೇ ಕೆರೆ ಏರಿ ಹತ್ರ ಅವನು ಇಪ್ಪತ್ತೈದಕ್ಕೆ ಇಳಿಸಿದ. ಆಚೆ ಏನೂ ಇರಲಿಲ್ಲ, ಖಾಲಿ ರಸ್ತೆ. ನಂದಿಗೆ ನಾವು ತಲುಪೋ ಹೊತ್ತಿಗೆ ಸೂರ್ಯ ಮೇಲೆ ಬಂದಾಗಿತ್ತು. ಅವನು ಗಾಡಿ ಪಕ್ಕಕ್ಕೆ ಹಾಕಿ, "ಮೊದ್ಲು ಟೀ ಕುಡಿಯೋಣ ಬಾರಣ್ಣ" ಅಂದ.