81 ಅಂಗಡಿಗಳ ಲೆಕ್ಕ



ಇಂಗ್ಲೆಂಡಿನ ಪೂರ್ವ ಕರಾವಳಿಗೆ ಹತ್ತಿರದ ಸಫೋಕ್ ಪ್ರಾಂತದಲ್ಲಿ ಸ್ಯಾಕ್ಸ್‌ಮಂಡಮ್ ಎಂಬ ಸಣ್ಣ ಪೇಟೆಯೂರೊಂದಿದೆ. ಇಪ್ಸ್‌ವಿಚ್‌ನಿಂದ ಲೋವೆಸ್ಟಾಫ್ಟ್‌ಗೆ ಹೋಗುವ ರೈಲು ಅಲ್ಲಿ ನಿಲ್ಲುತ್ತದೆ. ಹೆದ್ದಾರಿ ಊರಿನ ಹೊರಗಿನಿಂದ ಹಾದುಹೋಗುತ್ತದೆ. 1990ರ ದಶಕದ ಕೊನೆಯಲ್ಲಿ ಟೆಸ್ಕೊ ಕಂಪನಿ ಈ ಊರಿನ ಅಂಚಿನಲ್ಲಿ ದೊಡ್ಡ ಸೂಪರ್‌ಮಾರ್ಕೆಟ್ ಕಟ್ಟಲು ಅನುಮತಿ ಕೋರಿ ಅರ್ಜಿ ಸಲ್ಲಿಸಿತು. ಇಂತಹ ಅರ್ಜಿಗಳು ಆಗ ಬ್ರಿಟನ್ನಿನ ನೂರಾರು ಊರುಗಳಿಗೆ ಬರುತ್ತಿದ್ದವು. ಬಹಳಷ್ಟು ಕಡೆ ಒಂದಷ್ಟು ಸಹಿ ಸಂಗ್ರಹ, ಒಂದೆರಡು ಬಿಸಿಬಿಸಿ ಸಭೆ, ಸ್ಥಳೀಯ ಪತ್ರಿಕೆಯಲ್ಲೊಂದು ಚಿತ್ರ, ಆಮೇಲೆ ಅನುಮತಿ: ಇದೇ ಕ್ರಮದಲ್ಲಿ ಕಥೆ ಮುಗಿಯುತ್ತಿತ್ತು. ಸ್ಯಾಕ್ಸ್‌ಮಂಡಮ್‌ನಲ್ಲಿ ಹಾಗಾಗಲಿಲ್ಲ. ಅರ್ಜಿ ತಿರಸ್ಕೃತವಾಯಿತು. ಅದಕ್ಕಿಂತ ಮುಖ್ಯವಾದದ್ದು, ಅದನ್ನು ವಿರೋಧಿಸಿದವರು ವಿರೋಧಿಸಲು ಆರಿಸಿಕೊಂಡ ದಾರಿ.

ಆ ದಾರಿಯನ್ನು ಹಿಡಿದವರು ಕ್ಯಾರೊಲಿನ್ ಕ್ರ್ಯಾನ್‌ಬ್ರೂಕ್ ಎಂಬ ಕೃಷಿಕ ಮಹಿಳೆ. ಅವರು ಶ್ರೀಮಂತ ವಂಶದ ಸೊಸೆ, ಬಿರುದಿನಿಂದ ಕೌಂಟೆಸ್. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಎಡಪಂಥೀಯ ವಲಯಗಳಲ್ಲಿ ಈ ಹೋರಾಟದ ಬಗ್ಗೆ ಇರುವ ಮುಜುಗರ ಹುಟ್ಟುವುದೇ ಇಲ್ಲಿಂದ. ಆದರೆ ಅವರು ಮಾಡಿದ ಕೆಲಸದಲ್ಲಿ ಬಿರುದಿಗೆ ಜಾಗವಿರಲಿಲ್ಲ. ಸುತ್ತಲಿನ ಏಳು ಪೇಟೆಯೂರುಗಳು ಮತ್ತು 19 ಹಳ್ಳಿಗಳ ಆಹಾರದ ಅಂಗಡಿಗಳನ್ನು ಒಂದೊಂದಾಗಿ ಸಮೀಕ್ಷೆಗೆ ಒಳಪಡಿಸಿ, ಸರಕು ಎಲ್ಲಿಂದ ಬರುತ್ತದೆ, ಗಿರಾಕಿಗಳು ಯಾರು, ಹೊಸ ಮಳಿಗೆ ಬಂದರೆ ಏನಾಗಬಹುದು ಎಂದು ವಿಚಾರಿಸಿದರು. ಹೀಗೆ ಲೆಕ್ಕಕ್ಕೆ ಸಿಕ್ಕಿದ್ದು 81 ಅಂಗಡಿಗಳು. ಆ 81 ಅಂಗಡಿಗಳಿಗೆ ಸರಕು ಒದಗಿಸುತ್ತಿದ್ದ ಸ್ಥಳೀಯ ಮತ್ತು ಪ್ರಾದೇಶಿಕ ಉತ್ಪಾದಕರು 295 ಮಂದಿ. ಗ್ರಾಮೀಣ ಇಂಗ್ಲೆಂಡಿನ ರಕ್ಷಣೆಗಾಗಿ ದುಡಿಯುವ ಸಿಪಿಆರ್‌ಇ ಸಂಸ್ಥೆ ಈ ಸಮೀಕ್ಷೆಯನ್ನು 1998ರಲ್ಲಿ ‘ಫುಡ್ ವೆಬ್ಸ್’ ಎಂಬ ಹೆಸರಿನಲ್ಲಿ ಪ್ರಕಟಿಸಿತು.

ಮಾಂಸದಂಗಡಿ, ಬೇಕರಿ, ಅಂಚೆ ಕಚೇರಿಯನ್ನೂ ನಡೆಸುವ ಹಳ್ಳಿಯಂಗಡಿ: ಹೊರಗಿನಿಂದ ನೋಡುವವರಿಗೆ ಇವು ಬಿಡಿಬಿಡಿ ವ್ಯಾಪಾರಗಳು. ಸಮೀಕ್ಷೆ ತೋರಿಸಿದ್ದು ಬೇರೆಯೇ ಚಿತ್ರ. ಒಬ್ಬ ರೈತನ ತರಕಾರಿ ಹತ್ತಾರು ಅಂಗಡಿಗಳಿಗೆ ಹೋಗುತ್ತದೆ. ಅವುಗಳಲ್ಲಿ ಮೂರು ನಾಲ್ಕು ಮುಚ್ಚಿದರೆ ಅವನ ವ್ಯಾನು ಓಡಿಸುವ ಖರ್ಚೇ ಗಿಟ್ಟುವುದಿಲ್ಲ, ಆಗ ಉಳಿದ ಅಂಗಡಿಗಳಿಗೂ ಸರಕು ನಿಲ್ಲುತ್ತದೆ. ಅಂದರೆ ನಷ್ಟವು ಮಳಿಗೆಯ ಎದುರಿಗಿರುವ ಅಂಗಡಿಯಲ್ಲಿ ನಿಲ್ಲದೆ ಹದಿನೈದು ಮೈಲಿ ದೂರದ ಹಳ್ಳಿಯವರೆಗೂ ಹಬ್ಬುತ್ತದೆ. ಯೋಜನಾ ಇಲಾಖೆಯ ಕಡತದಲ್ಲಿ ಆ ಹಳ್ಳಿಯ ಹೆಸರೇ ಇರುವುದಿಲ್ಲ.

ಸಮೀಕ್ಷೆಯ ಇನ್ನೊಂದು ವಾದ ಇದಕ್ಕಿಂತ ಮಹತ್ವದ್ದು. ಸಣ್ಣ ಅಂಗಡಿಯು ಹೊಸ ಉತ್ಪಾದಕರಿಗೆ ಸಸಿಮಡಿ ಇದ್ದಂತೆ. ಮನೆಯಲ್ಲಿ ಚೀಸ್ ಮಾಡಲು ತೊಡಗಿದವರು, ಒಂದು ಹಂದಿಯ ಮಾಂಸವನ್ನು ಹದಮಾಡಿ ಮಾರಲು ನೋಡುವವರು ಮೊದಲ ದಿನವೇ ಸಾವಿರ ಮಳಿಗೆಗಳಿಗೆ ಸರಕು ಕೊಡಲಾರರು. ಅವರಿಗೆ ಬೇಕಾದದ್ದು ಹತ್ತು ಪೊಟ್ಟಣಗಳನ್ನು ತೆಗೆದುಕೊಂಡು, ಮಾರಾಟವಾದರೆ ಇನ್ನಷ್ಟು ತನ್ನಿ ಎನ್ನುವ ಅಂಗಡಿಯವರು. ಸೂಪರ್‌ಮಾರ್ಕೆಟ್ಟಿನ ಖರೀದಿ ವ್ಯವಸ್ಥೆಯು ದೊಡ್ಡ ಪ್ರಮಾಣ, ಏಕರೂಪ, ಕೇಂದ್ರ ಉಗ್ರಾಣ ಎಂಬ ಮೂರು ಕಂಬಗಳ ಮೇಲೆ ನಿಂತಿರುವುದರಿಂದ ಈ ಹತ್ತು ಪೊಟ್ಟಣಗಳಿಗೆ ಅಲ್ಲಿ ಜಾಗವಿಲ್ಲ. ಇದು ಕಂಪನಿಯ ದುರುದ್ದೇಶದ ಪ್ರಶ್ನೆಯಲ್ಲ, ವ್ಯವಸ್ಥೆಯ ಸ್ವಭಾವ. ದುರುದ್ದೇಶವನ್ನು ಹುಡುಕುವ ವಿರೋಧಿಗಳು ಈ ಸ್ವಭಾವವನ್ನು ನೋಡದೆ ಹೋಗುವುದೇ ಹೆಚ್ಚು.

ಇನ್ನು ಕಾನೂನು. 1947ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ಬ್ರಿಟನ್ನಿನಲ್ಲಿ ಭೂಮಿಯ ಒಡೆತನವನ್ನು ಖಾಸಗಿಯಾಗಿಯೇ ಉಳಿಸಿ, ಅದರ ಮೇಲೆ ಕಟ್ಟುವ ಹಕ್ಕನ್ನು ಮಾತ್ರ ಸಾರ್ವಜನಿಕ ನಿಯಂತ್ರಣಕ್ಕೆ ತಂದಿತು. ಯುದ್ಧೋತ್ತರ ಲೇಬರ್ ಸರ್ಕಾರದ ಸಾಧನೆಗಳಲ್ಲಿ ಆರೋಗ್ಯ ಸೇವೆಯನ್ನು ಎಲ್ಲರೂ ನೆನೆಯುತ್ತಾರೆ. ಇದನ್ನು ನೆನೆಯುವವರು ಕಡಿಮೆ. ಆದರೆ ಆ ನಿಯಂತ್ರಣಕ್ಕೆ ತನ್ನದೇ ಭಾಷೆಯಿದೆ. ಅರ್ಜಿದಾರ ಕಂಪನಿ ಒಳ್ಳೆಯದೋ ಕೆಟ್ಟದ್ದೋ, ಕಾರ್ಮಿಕರಿಗೆ ಎಷ್ಟು ಸಂಬಳ ಕೊಡುತ್ತದೆ, ಎದುರು ಅಂಗಡಿಯವರ ಲಾಭ ಎಷ್ಟು ಕುಸಿಯುತ್ತದೆ ಎಂಬುದೆಲ್ಲ ಅಲ್ಲಿ ಲೆಕ್ಕಕ್ಕೆ ಬಾರದ ಮಾತು. ವಾಹನ ಸಂಚಾರ, ಕಟ್ಟಡದ ಗಾತ್ರ, ಪೇಟೆಯ ಕೇಂದ್ರಭಾಗದ ಒಟ್ಟು ಚೈತನ್ಯದ ಮೇಲಾಗುವ ಪರಿಣಾಮ: ಇವು ಲೆಕ್ಕಕ್ಕೆ ಬರುವ ಮಾತುಗಳು. ಸಾವಿರ ಮಂದಿ ‘ನಮಗೆ ಈ ಕಂಪನಿ ಬೇಡ’ ಎಂದು ಬರೆದುಕೊಟ್ಟರೂ ಅಧಿಕಾರಿಯ ವರದಿಯಲ್ಲಿ ಅದು ಒಂದು ಸಾಲಾಗಬಹುದು. 81 ಅಂಗಡಿಗಳ ಲೆಕ್ಕ ಮಾತ್ರ ಪೇಟೆಗಳ ಚೈತನ್ಯದ ಬಗೆಗಿನ ಸಾಕ್ಷ್ಯ. ಅದನ್ನು ಬದಿಗೆ ಸರಿಸುವುದು ಸುಲಭವಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಪೇಟೆಯ ಕೇಂದ್ರಕ್ಕೆ ಮೊದಲ ಆದ್ಯತೆ, ಅಲ್ಲಿ ಜಾಗವಿಲ್ಲವೆಂದು ಸಾಬೀತಾದ ಮೇಲೆಯೇ ಊರಿನ ಹೊರವಲಯ ಎಂಬ ಕ್ರಮವನ್ನು ಬಿಗಿಗೊಳಿಸಿದ್ದು 1996ರ ಸರ್ಕಾರಿ ಮಾರ್ಗಸೂಚಿ. ಆಗ ಪರಿಸರ ಸಚಿವರಾಗಿದ್ದವರು ಕನ್ಸರ್ವೇಟಿವ್ ಪಕ್ಷದ ಜಾನ್ ಗಮ್ಮರ್. ಅವರ ಸ್ವಂತ ಕ್ಷೇತ್ರ ಸಫೋಕ್ ಕೋಸ್ಟಲ್, ಅಂದರೆ ಸ್ಯಾಕ್ಸ್‌ಮಂಡಮ್ ಇರುವ ಕ್ಷೇತ್ರವೇ. ಊರಾಚೆಯ ಮಳಿಗೆಗಳಿಗೆ 1980ರ ದಶಕದಲ್ಲಿ ಬಾಗಿಲು ತೆರೆದ ಪಕ್ಷವೇ ಮುಂದೆ ಅರ್ಧ ಬಾಗಿಲು ಹಾಕಿತು. ಪಕ್ಷದ ಬಣ್ಣ ನೋಡಿ ಮಿತ್ರರನ್ನು ಗುರುತಿಸುವ ಅಭ್ಯಾಸವಿರುವವರಿಗೆ ಇದು ಕಿರಿಕಿರಿಯ ಸಂಗತಿ.

ಇದೇ ಕರಾವಳಿಯಲ್ಲಿ ಉತ್ತರಕ್ಕೆ, ನಾರ್ಫೋಕ್‌ನ ಶೆರಿಂಗಮ್‌ನಲ್ಲಿ, ಕಥೆ ಬೇರೆಯಾಯಿತು. ಅಲ್ಲಿ ಟೆಸ್ಕೊ ವಿರುದ್ಧದ ಹೋರಾಟ ಒಂದು ದಶಕಕ್ಕೂ ಹೆಚ್ಚು ಕಾಲ ನಡೆಯಿತು. ಅನುಮತಿ ನಿರಾಕರಣೆ, ಮೇಲ್ಮನವಿ, ಮತ್ತೆ ನಿರಾಕರಣೆ, ಮತ್ತೆ ಹೊಸ ಅರ್ಜಿ. ನಡುವೆ ಸ್ಥಳೀಯ ಕೌನ್ಸಿಲ್ ಮತ್ತು ಕಂಪನಿಯ ನಡುವಿನ ಗೋಪ್ಯ ಭೂ ಒಪ್ಪಂದವೊಂದು ಬಯಲಾಗಿ ಊರಿನ ವಿಶ್ವಾಸವೇ ಅಲುಗಿತು. ಕೊನೆಗೆ 2010ರಲ್ಲಿ ಅನುಮತಿ ಸಿಕ್ಕಿತು, 2013ರಲ್ಲಿ ಮಳಿಗೆ ತೆರೆಯಿತು.

ಶೆರಿಂಗಮ್ ತೋರಿಸಿದ್ದು ಇಂಗ್ಲೆಂಡಿನ ಯೋಜನಾ ವ್ಯವಸ್ಥೆಯಲ್ಲಿರುವ ದೊಡ್ಡ ಅಸಮಾನತೆಯನ್ನು. ಅನುಮತಿ ನಿರಾಕರಿಸಿದರೆ ಅರ್ಜಿದಾರರು ಮೇಲ್ಮನವಿ ಸಲ್ಲಿಸಬಹುದು. ಅನುಮತಿ ಕೊಟ್ಟರೆ ವಿರೋಧಿಸಿದ ಊರಿನವರಿಗೆ ಅಂತಹ ಹಕ್ಕಿಲ್ಲ. ಅವರಿಗೆ ಉಳಿಯುವುದು ನ್ಯಾಯಾಲಯದ ದುಬಾರಿ ದಾರಿ; ಅಲ್ಲಿಯೂ ತೀರ್ಮಾನದ ವಿಧಾನವನ್ನು ಪ್ರಶ್ನಿಸಬಹುದೇ ಹೊರತು ತೀರ್ಮಾನದ ವಿವೇಕವನ್ನಲ್ಲ. ಸಕಾರಣವಿಲ್ಲದೆ ನಿರಾಕರಿಸಿತೆಂದು ಸಾಬೀತಾದರೆ ಮೇಲ್ಮನವಿಯ ಖರ್ಚನ್ನು ಕೌನ್ಸಿಲ್ ತೆರಬೇಕಾಗಬಹುದು; ಸಣ್ಣ ಕೌನ್ಸಿಲ್ಲಿನ ಸದಸ್ಯರು ಕೈ ಎತ್ತುವಾಗ ಈ ಭಯ ಅವರ ಪಕ್ಕದಲ್ಲೇ ಕುಳಿತಿರುತ್ತದೆ. ಕಂಪನಿ ಹತ್ತು ಸಲ ಸೋಲಬಹುದು, ಊರು ಒಂದೇ ಸಲ ಸೋಲುತ್ತದೆ. ಪಕ್ಕದ ಐರ್ಲೆಂಡಿನಲ್ಲಿ ಆಕ್ಷೇಪಣೆ ಸಲ್ಲಿಸಿದವರಿಗೂ ಮೇಲ್ಮನವಿಯ ಹಕ್ಕನ್ನು 1963ರ ಕಾಯಿದೆಯೇ ಕೊಟ್ಟಿತು. ಅದರಿಂದ ಆ ದೇಶವೇನೂ ಕಟ್ಟಡಗಳಿಲ್ಲದೆ ಬರಿದಾಗಲಿಲ್ಲ.

ಈಗ ಆ ಮುಜುಗರದ ಪ್ರಶ್ನೆ. ಸ್ಥಳೀಯ ಚೀಸ್, ಹದಮಾಡಿದ ಮಾಂಸ, ಕೈಯಲ್ಲಿ ನಾದಿದ ಬ್ರೆಡ್ಡು: ಇವು ಯಾರ ಆಹಾರ? ಕಡಿಮೆ ಸಂಬಳದಲ್ಲಿ ಮಕ್ಕಳನ್ನು ಸಾಕುವ ತಾಯಿಗೆ ಅಗ್ಗದ ಮಳಿಗೆ ಬಂದರೆ ಸಂತೋಷವೇ. ಶೆರಿಂಗಮ್‌ನಲ್ಲಿಯೂ ಮಳಿಗೆ ಬೇಕೆಂದವರು ಇದ್ದರು. ಅವರನ್ನು ಕಂಪನಿಯ ಬಾಲಬಡುಕರೆಂದು ತಳ್ಳಿಹಾಕುವುದು ಅನ್ಯಾಯ. ಹಳೆಯ ಅಂಗಡಿಬೀದಿಯನ್ನು ಸ್ವರ್ಗವೆಂದು ಬಣ್ಣಿಸುವುದೂ ಸುಳ್ಳು. ಬ್ರಿಟನ್ನಿನ ಮೂಲೆಯಂಗಡಿಗಳನ್ನು ದಶಕಗಳ ಕಾಲ ಉಳಿಸಿದವರಲ್ಲಿ ಪೂರ್ವ ಆಫ್ರಿಕಾದಿಂದ ಬಂದ ಗುಜರಾತಿ ಕುಟುಂಬಗಳು ಬಹಳ. ಬೆಳಗಿನ ಪತ್ರಿಕೆಯ ಕಟ್ಟು ಬಿಚ್ಚುವುದರಿಂದ ರಾತ್ರಿ ಶಟರ್ ಎಳೆಯುವವರೆಗೆ ಅಲ್ಲಿ ದುಡಿದದ್ದು ಹೆಂಡತಿ ಮಕ್ಕಳ ಸಂಬಳವಿಲ್ಲದ ದುಡಿಮೆ. ಸೂಪರ್‌ಮಾರ್ಕೆಟ್ಟಿನ ನೌಕರನಿಗೆ ಕನಿಷ್ಠ ಸಂಘ ಕಟ್ಟುವ ಹಕ್ಕಾದರೂ ಇದೆ. ಭಾರತದಿಂದ ಓದಲು ಬಂದ ಹುಡುಗರು ರಾತ್ರಿಪಾಳಿಯಲ್ಲಿ ಕಪಾಟು ತುಂಬಿಸಿ ಬಾಡಿಗೆ ಕಟ್ಟುವುದೂ ಇಂತಹ ಮಳಿಗೆಗಳಲ್ಲೇ.

ಆದರೂ ‘ಅಗ್ಗ’ ಎಂಬ ಮಾತಿನ ಒಳಗನ್ನು ನೋಡಬೇಕು. ಹಾಲು ಅಗ್ಗವಾದಾಗ ವ್ಯತ್ಯಾಸದ ಹಣವನ್ನು ಯಾರಾದರೂ ತುಂಬಲೇಬೇಕು. ಅದು ಬಹಳ ಸಲ ಉತ್ಪಾದಕರ ಜೇಬಿನಿಂದ ಬಂದಿದೆ. ದೊಡ್ಡ ಮಳಿಗೆಗಳು ಅನಿರೀಕ್ಷಿತ ವೆಚ್ಚ ಮತ್ತು ಅಪಾಯಗಳನ್ನು ಸರಬರಾಜುದಾರರ ಮೇಲೆ ಹೊರಿಸುತ್ತಿವೆ ಎಂದು ಬ್ರಿಟನ್ನಿನ ಸ್ಪರ್ಧಾ ಆಯೋಗವೇ 2008ರ ವರದಿಯಲ್ಲಿ ಹೇಳಿತು. ಅದರ ಫಲವಾಗಿ 2013ರಲ್ಲಿ ದಿನಸಿ ವ್ಯಾಪಾರಕ್ಕೊಬ್ಬ ನ್ಯಾಯನಿರ್ಣಾಯಕರು ಬಂದರು. ಸ್ಪರ್ಧಿಗಳು ಬಾರದಂತೆ ಜಾಗಗಳ ಮೇಲೆ ಕರಾರು ಹಾಕಿಡುವ ರೂಢಿಗೂ 2010ರಲ್ಲಿ ಆದೇಶದ ಮೂಲಕ ಕಡಿವಾಣ ಬಿತ್ತು. ಹೋರಾಟಗಾರರು ಮೊದಲಿನಿಂದ ಹೇಳುತ್ತಿದ್ದ ಮಾತನ್ನು ಮಾರುಕಟ್ಟೆಯ ಪರವಾದ ಸಂಸ್ಥೆಯೇ ಒಪ್ಪಿಕೊಂಡ ಸಂದರ್ಭವಿದು.

ಕನ್ನಡಿಗರಿಗೂ ಈ ಕಥೆಗೂ ಕೊಂಡಿಯಿದೆ. ಸ್ಯಾಕ್ಸ್‌ಮಂಡಮ್‌ನ ಸಮೀಕ್ಷೆಗೆ ಸ್ವಲ್ಪ ಮೊದಲು, 1996ರಲ್ಲಿ, ಪ್ರೊ. ಎಂ. ಡಿ. ನಂಜುಂಡಸ್ವಾಮಿ ನೇತೃತ್ವದ ರೈತಸಂಘದವರು ಬೆಂಗಳೂರಿನ ಕೆಂಟಕಿ ಚಿಕನ್ ಮಳಿಗೆಗೆ ನುಗ್ಗಿದ್ದರು. ಒಂದು ಕಡೆ ನೇರ ಕ್ರಿಯೆ, ಇನ್ನೊಂದು ಕಡೆ ಅಂಗಡಿಗಳ ಎಣಿಕೆ. ಬಹುರಾಷ್ಟ್ರೀಯ ಆಹಾರ ವ್ಯಾಪಾರದ ಬಗೆಗಿನ ಆತಂಕ ಮಾತ್ರ ಬಹುಮಟ್ಟಿಗೆ ಒಂದೇ. 2004ರಲ್ಲಿ ಟೆಸ್ಕೊ ತನ್ನ ಸೇವಾಕೇಂದ್ರವನ್ನು ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ತೆರೆಯಿತು. ಅಂದಿನಿಂದ ಇಂಗ್ಲೆಂಡಿನ ಸಣ್ಣ ಊರುಗಳ ಬೀದಿಯಂಗಡಿಗಳನ್ನು ಹಿಂದಿಕ್ಕುವ ಆ ದಕ್ಷತೆಯ ಒಂದಷ್ಟು ಭಾಗ ವೈಟ್‌ಫೀಲ್ಡ್‌ನ ಮೇಜುಗಳ ಮೇಲೆ ತಯಾರಾಗುತ್ತಿದೆ. 2012ರಲ್ಲಿ ಭಾರತ ಸರ್ಕಾರ ಬಹುಬ್ರಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇ. 51ರವರೆಗೆ ವಿದೇಶಿ ಬಂಡವಾಳಕ್ಕೆ ಒಪ್ಪಿಗೆ ಕೊಟ್ಟ ಮೇಲೆ, 2014ರಲ್ಲಿ ಇದೇ ಕಂಪನಿ ಟಾಟಾ ಸಮೂಹದ ಸ್ಟಾರ್ ಬಜಾರ್ ಮಳಿಗೆಗಳಲ್ಲಿ ಪಾಲುದಾರನಾಯಿತು. ಆ ವರ್ಷಗಳ ಚರ್ಚೆಯಲ್ಲಿ ಬಂಡವಾಳದ ಶೇಕಡಾವಾರಿನ ಬಗ್ಗೆ ಗುಡುಗಿದವರು ಬಹಳ. ಒಂದು ತಾಲ್ಲೂಕಿನ ಕಿರಾಣಿ ಅಂಗಡಿಗಳನ್ನು ಎಣಿಸಿ, ಅವುಗಳಿಗೆ ಬೆಲ್ಲ, ಅವಲಕ್ಕಿ, ಎಣ್ಣೆ ಎಲ್ಲಿಂದ ಬರುತ್ತದೆಂದು ಬರೆದಿಡುವ ಕೆಲಸ ಆ ಗದ್ದಲದಲ್ಲಿ ಹಿಂದೆ ಸರಿಯಿತು.

ಸ್ಯಾಕ್ಸ್‌ಮಂಡಮ್ ಸುತ್ತಲಿನ ಲೆಕ್ಕವನ್ನು ಮತ್ತೊಮ್ಮೆ ತೆಗೆಯಲಾಯಿತು. 2006ರಲ್ಲಿ ಪ್ರಕಟವಾದ ಎರಡನೆಯ ವರದಿಯ ಪ್ರಕಾರ ಸ್ಥಳೀಯ ಪೂರೈಕೆದಾರರ ಸಂಖ್ಯೆ 370ಕ್ಕೆ ಏರಿತ್ತು. ಮಳಿಗೆ ಬಾರದಿದ್ದರೆ ಊರು ಕೊಳೆಯುತ್ತದೆ ಎಂಬ ವಾದಕ್ಕೆ ಇದೊಂದು ಉತ್ತರ. ಹಾಗೆಂದು ಇದನ್ನು ಸಂಪೂರ್ಣ ಜಯವೆಂದು ಹೇಳಲಾಗದು. ಮುಂದೆ ಟೆಸ್ಕೊ ಮತ್ತು ವೇಟ್‌ರೋಸ್ ಎರಡೂ ಆ ಊರಿಗೆ ಬಂದವು. ಆದರೆ ಊರಾಚೆಯ ಬಯಲಿಗಲ್ಲ, ಪೇಟೆಯ ಮಧ್ಯಭಾಗಕ್ಕೆ, ಹಳೆಯ ಬೀದಿಗೆ ನಡೆದು ಹೋಗುವಷ್ಟು ಹತ್ತಿರಕ್ಕೆ. ಇದನ್ನು ಸೋಲೆನ್ನುವವರೂ ಇದ್ದಾರೆ. ಹೋರಾಟ ಗೆದ್ದುಕೊಟ್ಟದ್ದು ಒಂದು ದಶಕಕ್ಕೂ ಹೆಚ್ಚಿನ ಕಾಲವನ್ನು. ಸಣ್ಣ ಉತ್ಪಾದಕರು ಬೇರು ಬಿಡಲು ಬೇಕಾಗಿದ್ದದ್ದೂ ಅದೇ.

ಕೊನೆಗೆ ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಉಪಯೋಗಕ್ಕೆ ಬರುವ ಒಂದೆರಡು ವಿವರ. ದೊಡ್ಡ ಕಟ್ಟಡದ ಅರ್ಜಿ ಬಂದಾಗ ಕೌನ್ಸಿಲ್ ಪ್ರಕಟಣೆ ಹೊರಡಿಸಬೇಕು. ದೀಪದ ಕಂಬಕ್ಕೆ ಕಟ್ಟಿದ, ಮಳೆಗೆ ಮಾಸಿದ ಹಾಳೆಯನ್ನು ದಾಟಿ ಹೋಗದವರು ಯಾರೂ ಇರಲಾರರು. ಅಭಿಪ್ರಾಯ ತಿಳಿಸಲು ಸಾಮಾನ್ಯವಾಗಿ 21 ದಿನಗಳ ಅವಕಾಶವಿರುತ್ತದೆ. ಅರ್ಜಿಯ ಕಡತಗಳನ್ನೂ ಕಂಪನಿಯ ಸಲಹೆಗಾರರು ಬರೆದ ಪರಿಣಾಮ ವರದಿಯನ್ನೂ ಯಾರು ಬೇಕಾದರೂ ತೆರೆದು ಓದಬಹುದು. ಆ ವರದಿಯ ಅಂಕಿಅಂಶಗಳನ್ನು ಪ್ರಶ್ನಿಸುವ ಒಂದು ಪುಟ, ಅಚ್ಚುಹಾಕಿದ ನೂರು ಪ್ರತಿಭಟನಾ ಪತ್ರಗಳಿಗಿಂತ ಹೆಚ್ಚು ತೂಗುತ್ತದೆ. ಭಾರತೀಯ ಪೌರರು ಕಾಮನ್‌ವೆಲ್ತ್ ಪ್ರಜೆಗಳಾಗಿ ಇಲ್ಲಿನ ಸ್ಥಳೀಯ ಚುನಾವಣೆಗಳಲ್ಲಿ ಮತ ಹಾಕಬಹುದೆಂಬುದು ಅನೇಕರಿಗೆ ಗೊತ್ತು. ಅರ್ಜಿಗೆ ಆಕ್ಷೇಪಣೆ ಸಲ್ಲಿಸಲು ಮಾತ್ರ ಮತದಾರರ ಪಟ್ಟಿಯಲ್ಲಿ ಹೆಸರೂ ಬೇಕಿಲ್ಲ, ಪೌರತ್ವವೂ ಬೇಕಿಲ್ಲ. ಪತ್ರದ ಮೇಲೆ ಕಳುಹಿಸಿದವರ ಹೆಸರು, ವಿಳಾಸ ಇದ್ದರೆ ಸಾಕು.